ಹಳೆಯ ಪಾಠಕ್ಕೆ ಹೊಸ ವ್ಯಾಖ್ಯಾತ

ಗ್ರಂಥವು ತಾನು ರಚಿತವಾದ ಕಾಲದಲ್ಲಿಯೇ ನಿಲ್ಲುತ್ತದೆ. ಅದನ್ನು ಓದುವವನು ಮಾತ್ರ ಕಾಲದೊಡನೆ ಮುಂದೆ ನಡೆಯುತ್ತಾನೆ. ಓಲೆಯ ಮೇಲಿನ ಅಕ್ಷರ ಒಂದೂ ಅಳಿಯದೆ ಇದ್ದರೂ, ಏಳೆಂಟು ನೂರು ವರ್ಷಗಳ ತರುವಾಯ ಅದನ್ನು ಕೈಗೆತ್ತಿಕೊಂಡವನಿಗೆ ಶಿಥಿಲದ್ವಿತ್ವವೆಂದರೇನು, ಱಕಾರ ೞಕಾರಗಳು ಎಲ್ಲಿ ಹೇಗೆ ಉಳಿದವು, ಎಲ್ಲಿ ಮರೆಯಾದವು ಎಂಬುದು ತಿಳಿಯದಿದ್ದರೆ ಒಂದು ಪದ್ಯವೂ ನೆಟ್ಟಗೆ ದಕ್ಕದು. ಇದು ಹಳಗನ್ನಡವನ್ನು ಪಾಠ ಹೇಳಿದ ಉಪಾಧ್ಯಾಯರೆಲ್ಲರೂ ಬಲ್ಲ ಸಂಗತಿ. ಇದೇ ಪೇಚು ಗಣಕಯಂತ್ರದ ಲೋಕದಲ್ಲಿಯೂ ಉಂಟು. ಅಲ್ಲಿ ಅದಕ್ಕೆ ಏಳೆಂಟು ನೂರು ವರ್ಷ ಬೇಕಿಲ್ಲ, ಏಳೆಂಟು ವರ್ಷ ಸಾಕು ಎಂಬುದು ಹೊರಗಿನವರಿಗೆ ಅಷ್ಟಾಗಿ ತಿಳಿಯದು. ಕನ್ನಡ ನಾಡಿನ ಗ್ರಾಮಾಂತರ ಶಾಲೆಗಳಲ್ಲಿ ಅಕ್ಷರ ಕಲಿತು ಇಂದು ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ಗಣಕದ ಮುಂದೆ ಕುಳಿತಿರುವ ತರುಣ ತರುಣಿಯರು ಅನೇಕರು. ಅವರು ದಿನವಿಡೀ ಹೊಸದನ್ನೇ ನಿರ್ಮಿಸುತ್ತಿರುವರೆಂದು ಊರಿನಲ್ಲಿರುವ ತಂದೆತಾಯಿಗಳ ಭಾವನೆ. ವಾಸ್ತವದಲ್ಲಿ ಅವರ ಎಷ್ಟೋ ರಾತ್ರಿಗಳು ಕಳೆಯುವುದು ಯಾರೋ ಎಂದೋ ಬರೆದು ಬಿಟ್ಟುಹೋದುದನ್ನು ಇಂದಿನ ಯಂತ್ರವು ಒಪ್ಪುವಂತೆ ಮಾಡುವುದರಲ್ಲಿ.

ಗಣಕಯಂತ್ರಕ್ಕೆ ತಿಳಿಯುವುದು ಅಂಕೆಗಳ ಭಾಷೆಯೊಂದೇ. ಮನುಷ್ಯನು ತನಗೆ ಸುಲಭವಾದ ಸಿ ಮೊದಲಾದ ಕೃತಕ ಭಾಷೆಗಳಲ್ಲಿ ಬರೆದ ಮೂಲಪಾಠವನ್ನು ಅಂಕೆಗಳಿಗೆ ತಿರುಗಿಸುವ ಸಾಧನಕ್ಕೆ ಕಂಪೈಲರ್ ಎಂದು ಹೆಸರು. ಅದನ್ನು ಅನುವಾದಕನೆಂದು ಕರೆಯುವುದು ವಾಡಿಕೆಯಾದರೂ ವ್ಯಾಖ್ಯಾತನೆಂದರೆ ಹೆಚ್ಚು ಒಪ್ಪೀತು. ಮೂಲದಲ್ಲಿ ಸಂದಿಗ್ಧವಾಗಿರುವುದನ್ನೆಲ್ಲ ಅದು ತನ್ನ ಮತದಂತೆ ನಿರ್ಣಯಿಸಿಕೊಳ್ಳುತ್ತದೆಯಷ್ಟೆ. ಮೂಲಪಾಠವು ನೂರಾರು ಕಡತಗಳಲ್ಲಿ ಹರಡಿಕೊಂಡಿರುವಾಗ ಯಾವುದನ್ನು ಮೊದಲು, ಯಾವುದನ್ನು ಅನಂತರ, ಯಾವ ಸಾಮಗ್ರಿಯೊಡನೆ ತಿರುಗಿಸಬೇಕೆಂದು ಆಳುವ ಇನ್ನೊಂದು ವರ್ಗದ ಸಾಧನಗಳುಂಟು. ಮೇಕ್, ಆಟೋಕಾನ್ಫ್, ಸಿಮೇಕ್ ಎಂಬುವು ಆ ವರ್ಗದವು. ಮದುವೆಯ ಮನೆಯಲ್ಲಿ ಅಡುಗೆಯವನು ಬೇರೆ, ಉಗ್ರಾಣದವನು ಬೇರೆ ಇರುವಂತೆ ಇವು. ಅಡುಗೆಯವನು ಬದಲಾದರೆ ಒಂದು ತೊಡಕು, ಉಗ್ರಾಣದವನು ಬದಲಾದರೆ ಇನ್ನೊಂದು; ಇಬ್ಬರೂ ಬದಲಾಗಿ ಪದಾರ್ಥದ ಪಟ್ಟಿ ಮಾತ್ರ ಅಜ್ಜನ ಕಾಲದ್ದೇ ಆಗಿದ್ದರೆ ಅಲ್ಲಿ ನಡೆಯುವ ಫಜೀತಿಯನ್ನು ಹೇಳಿ ತೀರದು.

ಇವುಗಳಲ್ಲಿ ಮೇಕ್ ಹಿರಿಯದು. ೧೯೭೬ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಅವರು ಅದನ್ನು ರಚಿಸಿದರು. ಅದರ ಕಡತದಲ್ಲಿ ಆಜ್ಞೆಯ ಸಾಲು ಟ್ಯಾಬ್ ಎಂಬ ಕಾಣದ ಚಿಹ್ನೆಯಿಂದಲೇ ಆರಂಭವಾಗಬೇಕು. ಅಷ್ಟೇ ಅಗಲದ ಬರಿಯ ತೆರಪುಗಳನ್ನು ಇಟ್ಟರೆ ಸಲ್ಲದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಅಜಗಜಾಂತರ. ಈ ನಿಯಮದ ಇಕ್ಕಟ್ಟು ರಚನಕಾರರಿಗೆ ಕೆಲವೇ ವಾರಗಳಲ್ಲಿ ಮನವರಿಕೆಯಾಯಿತು. ಆದರೆ ಆ ವೇಳೆಗೆ ಹನ್ನೆರಡು ಮಂದಿಯಷ್ಟು ಬಳಕೆದಾರರು ಒದಗಿದ್ದರು, ಬಹುಪಾಲು ಸ್ನೇಹಿತರೇ. ಅವರ ಕೆಲಸವನ್ನು ಕೆಡಿಸಲು ಮನಸ್ಸು ಬಾರದೆ ಅದನ್ನು ಹಾಗೆಯೇ ಉಳಿಸಿದರು. ಹನ್ನೆರಡು ಮಂದಿಗೆ ತೋರಿದ ದಾಕ್ಷಿಣ್ಯವನ್ನು ಅನಂತರ ಬಂದವರೆಲ್ಲರೂ ಇಂದಿಗೂ ಸಹಿಸುತ್ತಿದ್ದಾರೆ. ೨೦೧೦ರಲ್ಲಿ ಹೊರಬಂದ ಗ್ನೂ ಮೇಕ್ ೩.೮೨ರಲ್ಲಿ ಟ್ಯಾಬಿಗೆ ಬದಲಾಗಿ ಬೇರೊಂದು ಚಿಹ್ನೆಯನ್ನು ಆರಿಸಿಕೊಳ್ಳುವ ಅವಕಾಶವೇನೋ ದೊರೆಯಿತು. ಅದನ್ನು ಬಳಸುವವರು ವಿರಳ. ಅದೇ ಆವೃತ್ತಿಯು ಇನ್ನೊಂದು ಕಡೆಯಲ್ಲಿ ಬಿಗಿಯಾಯಿತು. ನಿರ್ದಿಷ್ಟವಾದ ಹೆಸರಿನ ಗುರಿಯನ್ನೂ ಸಾಮಾನ್ಯ ಮಾದರಿಯ ಗುರಿಯನ್ನೂ ಒಂದೇ ಸಾಲಿನಲ್ಲಿ ಬೆರೆಸಿ ಬರೆಯುವುದನ್ನು ಹಿಂದಿನ ಮೇಕ್ ಸುಮ್ಮನೆ ಬಿಡುತ್ತಿತ್ತು. ಹೊಸದು ತಪ್ಪೆಂದು ಸಾರಿ ನಿಂತುಬಿಟ್ಟಿತು. ಲಿನಕ್ಸ್ ಕರ್ನಲಿನ ಹಳೆಯ ಆವೃತ್ತಿಗಳು ಇದಕ್ಕೆ ಸಿಕ್ಕಿಬಿದ್ದವು. ಪರಿಹಾರವೆಂದರೆ ಆ ಒಂದು ಸಾಲನ್ನು ಎರಡಾಗಿ ಒಡೆದು ಬರೆಯುವುದು, ಅಷ್ಟೇ. ಆದರೆ ಯಾವ ಸಾಲು ಎಂದು ತಿಳಿಯಬೇಕಲ್ಲ!

ಸಂಖ್ಯೆಯನ್ನು ಓದುವುದರಲ್ಲಿ ಯಂತ್ರಗಳು ಮಾಡಿರುವ ಎಡವಟ್ಟುಗಳು ಒಂದು ಪ್ರತ್ಯೇಕ ಪ್ರಕರಣಕ್ಕೆ ತಕ್ಕವು. ಕೆಲಸಕ್ಕೆ ಮೊದಲು ಸುತ್ತಮುತ್ತ ಏನಿದೆ ಏನಿಲ್ಲ ಎಂದು ಪರೀಕ್ಷಿಸುವ ಕಾನ್ಫಿಗರ್ ಎಂಬ ಕಡತವೊಂದು ಅನೇಕ ಗ್ರಂಥಗಳೊಡನೆ ಬರುತ್ತದೆ. ಗ್ಲಿಬ್‌ಸಿ ಎಂಬ ಮೂಲಭೂತ ಸಂಗ್ರಹದ ಹಳೆಯ ಆವೃತ್ತಿಗಳಲ್ಲಿ ಈ ಪರೀಕ್ಷಕನಿಗೆ ಮೇಕ್‌ನ ಸಂಖ್ಯೆಯು ೩.೭೯ರಿಂದ ಆರಂಭವಾಗಿ ಮೂರರ ಮನೆಯೊಳಗೆ ಇದ್ದರೆ ಒಪ್ಪಬಹುದು ಎಂದು ಸೂತ್ರವನ್ನು ಬರೆದುಕೊಟ್ಟಿದ್ದರು. ೨೦೧೩ರಲ್ಲಿ ಮೇಕ್ ೪.೦ ಬಂದಿತು. ಪರೀಕ್ಷಕನು ನಾಲ್ಕನ್ನು ಕಂಡು, ಈ ಸಾಧನವು ಇಲ್ಲವೇ ಇಲ್ಲ ಅಥವಾ ತೀರ ಹಳೆಯದು ಎಂದು ಹೇಳಿ ಬಾಗಿಲು ಹಾಕಿದನು. ಅತ್ಯಂತ ಹೊಸದಾದುದು ಅತಿ ಹಳೆಯದೆಂಬ ಅಪವಾದಕ್ಕೆ ಗುರಿಯಾಯಿತು! ಇದಕ್ಕೂ ಸ್ವಾರಸ್ಯವಾದುದು ೨೦೧೧ರಲ್ಲಿ ನಡೆಯಿತು. ಫ್ರೀಬಿಎಸ್‌ಡಿ ಎಂಬ ವ್ಯವಸ್ಥೆಯ ಅಭಿವೃದ್ಧಿಯ ಶಾಖೆಯು ಹತ್ತನೆಯ ಸಂಖ್ಯೆಯನ್ನು ಧರಿಸಿದಾಗ, ಒಂದರಿಂದ ಮೊದಲಾಗುವುದೆಲ್ಲ ಒಂದನೆಯ ಆವೃತ್ತಿಯೇ ಎಂದು ತಿಳಿದಿದ್ದ ಹಳೆಯ ಸೂತ್ರಗಳು ಹತ್ತನ್ನು ಒಂದೆಂದೇ ಓದಿದವು. ಆ ಬಾಲ್ಯಕಾಲದ ವ್ಯವಸ್ಥೆಗೆ ಹಂಚಿಕೆಯ ಲೈಬ್ರರಿಗಳನ್ನು ಕಟ್ಟುವ ಶಕ್ತಿಯಿಲ್ಲವೆಂದು ನಿರ್ಣಯಿಸಿ, ಕಟ್ಟದೆಯೇ ಮುಂದೆ ಸಾಗಿದವು. ಅಕ್ಷರಾಭ್ಯಾಸದ ಮಗು ಹತ್ತನ್ನು ಒಂದು ಎಂದು ಓದಿದರೆ ಉಪಾಧ್ಯಾಯರು ನಕ್ಕು ತಿದ್ದಿಯಾರು. ಇಲ್ಲಿ ತಿದ್ದಬೇಕಾದ ಪ್ರತಿಗಳು ಸಾವಿರಾರು ಗ್ರಂಥಗಳೊಳಗೆ ಸೇರಿಹೋಗಿದ್ದುವು.

ಇಂಥದೇ ಮೂರನೆಯದು ಲಿನಕ್ಸ್ ಕರ್ನಲಿನದು. ಅದರ ಹಿಂದಿನ ಆವೃತ್ತಿಗಳಲ್ಲಿ ಜಿಸಿಸಿ ಎಂಬ ಕಂಪೈಲರಿನ ಪ್ರಧಾನ ಸಂಖ್ಯೆಯನ್ನು ತೆಗೆದು ಹೆಸರಿಗೆ ಜೋಡಿಸಿ, ಆ ಹೆಸರಿನ ಕಡತವನ್ನು ಹುಡುಕುವ ಏರ್ಪಾಡು ಇದ್ದಿತು. ಮೂರಕ್ಕೊಂದು, ನಾಲ್ಕಕ್ಕೊಂದು ಕಡತವಿದ್ದುವು. ೨೦೧೫ರ ಏಪ್ರಿಲಿನಲ್ಲಿ ಜಿಸಿಸಿ ೫ ಹೊರಬಿದ್ದ ಮೇಲೆ ಹಳೆಯ ಕರ್ನಲನ್ನು ಕಟ್ಟಹೊರಟವರಿಗೆ ಐದನೆಯ ಕಡತವಿಲ್ಲವೆಂಬ ದೂರು ಎದುರಾಯಿತು. ಮುಂದೆ ಬರುವುದಕ್ಕೂ ಅನ್ವಯಿಸುವಂತೆ ಸೂತ್ರವನ್ನು ಹೆಣೆಯುವ ಎಚ್ಚರವನ್ನು ವ್ಯಾಕರಣಶಾಸ್ತ್ರವು ತನ್ನ ವಿದ್ಯಾರ್ಥಿಗಳಿಗೆ ಮೊದಲ ದಿನದಿಂದಲೇ ಕಲಿಸುತ್ತದೆ. ಆದರೂ ಆ ಇಂಜಿನಿಯರರನ್ನು ಅತಿಯಾಗಿ ಆಕ್ಷೇಪಿಸುವುದು ನ್ಯಾಯವಲ್ಲ. ಇನ್ನೂ ಹುಟ್ಟದ ಕಂಪೈಲರಿನ ಸ್ವಭಾವವನ್ನು ಯಾರು ತಾನೇ ಬಲ್ಲರು? ತಿಳಿಯದುದನ್ನು ಒಪ್ಪಿಕೊಂಡು ಕೆಡುವುದಕ್ಕಿಂತ ತಡೆದು ನಿಲ್ಲಿಸುವುದೇ ಮೇಲು ಎಂದು ಅವರು ಭಾವಿಸಿದ್ದರೆ ಅದರಲ್ಲಿಯೂ ಒಂದು ವಿವೇಕವಿದೆ.

ಇಷ್ಟು ಉಗ್ರಾಣದವನ ಮಾತಾಯಿತು. ಅಡುಗೆಯವನ ಕಡೆಯ ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ರಿಚರ್ಡ್ ಸ್ಟಾಲ್ಮನ್ ಅವರು ೧೯೮೭ರಲ್ಲಿ ಲೋಕಕ್ಕೆ ಬಿಡುಗಡೆ ಮಾಡಿದ ಜಿಸಿಸಿಯು ಮೂರು ದಶಕಗಳ ಕಾಲ ಒಂದು ಔದಾರ್ಯವನ್ನು ಪಾಲಿಸಿಕೊಂಡು ಬಂದಿತ್ತು. ಒಂದೇ ಹೆಸರಿನ ಸಾರ್ವತ್ರಿಕ ಚರವನ್ನು ಬೆಲೆ ಕೊಡದೆ ಎರಡು ಕಡತಗಳಲ್ಲಿ ಘೋಷಿಸಿದ್ದರೆ, ಎರಡೂ ಒಂದೇ ಇರಬಹುದೆಂದು ಊಹಿಸಿ ಕೂಡಿಸಿಬಿಡುತ್ತಿತ್ತು. ೨೦೨೦ರ ಮೇ ತಿಂಗಳಲ್ಲಿ ಬಂದ ಜಿಸಿಸಿ ೧೦ ಈ ಔದಾರ್ಯವನ್ನು ಕೈಬಿಟ್ಟಿತು. ಒಂದು ಹೆಸರಿಗೆ ಒಂದೇ ಮನೆ. ಉಳಿದವರು ಅದು ಬೇರೆಡೆಯಲ್ಲಿದೆ ಎಂಬುದನ್ನು ಎಕ್ಸ್‌ಟರ್ನ್ ಎಂಬ ಪದದಿಂದ ಸ್ಪಷ್ಟವಾಗಿ ಹೇಳತಕ್ಕದ್ದು ಎಂದಿತು. ಶಾಸ್ತ್ರದೃಷ್ಟಿಯಿಂದ ಇದು ಸರಿಯೇ. ಆದರೆ ಕರ್ನಲಿನೊಳಗೆ ಡಿಟಿಸಿ ಎಂಬ ಒಂದು ಚಿಕ್ಕ ಉಪಕರಣವಿದೆ. ಯಂತ್ರಾಂಶದ ವಿವರಣೆಯನ್ನು ಸಂಕೇತಕ್ಕೆ ತಿರುಗಿಸುವುದು ಅದರ ಕೆಲಸ. ಅದರಲ್ಲಿ ವೈವೈಲಾಕ್ ಎಂಬ ಹೆಸರು ಎರಡು ಕಡೆ ಘೋಷಿತವಾಗಿತ್ತು. ಆ ದಿನದಿಂದ ಹಳೆಯ ಕರ್ನಲನ್ನು ಚಿಕ್ಕ ಫಲಕಗಳಿಗೂ ಕೈಫೋನುಗಳಿಗೂ ಕಟ್ಟುವವರ ಮುಂದೆ ಒಂದೇ ದೂರು ಮತ್ತೆ ಮತ್ತೆ ಬರತೊಡಗಿತು: ಈ ಹೆಸರಿಗೆ ಒಂದಕ್ಕಿಂತ ಹೆಚ್ಚು ವಿವರಣೆಗಳಿವೆ.

ಇಲ್ಲಿ ಒಂದು ಬಲೆಯಿದೆ. ಜಾಣನಾದ ಅಭ್ಯಾಸಿಯು, ಹಳೆಯ ಕರ್ನಲಿಗೆ ಹಳೆಯ ಕಂಪೈಲರನ್ನೇ ತರೋಣವೆಂದು ಫಲಕಕ್ಕಾಗಿ ಇರುವ ಅಡ್ಡ ಕಂಪೈಲರಿನ ಹಿಂದಿನ ಆವೃತ್ತಿಯನ್ನು ಹುಡುಕಿ ತಂದು ಹೂಡುತ್ತಾನೆ. ದೂರು ಹಾಗೆಯೇ ನಿಲ್ಲುತ್ತದೆ. ಇನ್ನೂ ಹಳೆಯದನ್ನು ತರುತ್ತಾನೆ, ಆಗಲೂ ಅದೇ. ಕಾರಣವೇನೆಂದರೆ, ಡಿಟಿಸಿಯು ಫಲಕದ ಮೇಲೆ ನಡೆಯುವ ಸಾಧನವಲ್ಲ. ಕಟ್ಟುವವನ ಸ್ವಂತ ಯಂತ್ರದ ಮೇಲೆ, ಕಟ್ಟುವ ಹೊತ್ತಿನಲ್ಲಿ ನಡೆಯತಕ್ಕದ್ದು. ಆದುದರಿಂದ ಅದನ್ನು ತಿರುಗಿಸುವುದು ಅವನು ತಂದ ಹಳೆಯ ಕಂಪೈಲರಲ್ಲ, ಅವನ ಯಂತ್ರದಲ್ಲಿ ಮೊದಲಿನಿಂದ ಇರುವ ಹೊಸ ಜಿಸಿಸಿ. ಬದಲಾಯಿಸಬೇಕಾದುದು ಅತಿಥಿಯನ್ನಲ್ಲ, ಆತಿಥೇಯನನ್ನು. ಎರಡು ಕಂಪೈಲರುಗಳು ಒಂದೇ ಕೆಲಸದಲ್ಲಿ ಬೆರೆತು ನಡೆಯುತ್ತಿವೆ ಎಂಬ ಅರಿವು ಮೂಡಿದ ಕ್ಷಣಕ್ಕೆ ಗಂಟು ಸಡಿಲುತ್ತದೆ. ಹಳೆಯ ನಡವಳಿಯನ್ನೇ ಪಾಲಿಸೆಂದು ಆತಿಥೇಯ ಕಂಪೈಲರಿಗೆ ಎಫ್‌ಕಾಮನ್ ಎಂಬ ಸೂಚನೆ ಕೊಡಬಹುದು. ಕರ್ನಲಿನ ಪಾಲಕರು ಅದೇ ೨೦೨೦ರಲ್ಲಿ ಮಾಡಿದುದು ಅದಕ್ಕಿಂತ ಚೊಕ್ಕಟವಾದುದು: ಅನಾವಶ್ಯಕವಾಗಿದ್ದ ಆ ಘೋಷಣೆಯ ಒಂದು ಸಾಲನ್ನು ಅಳಿಸಿದರು, ಹಳೆಯ ಸ್ಥಿರ ಶಾಖೆಗಳಲ್ಲಿಯೂ ಅಳಿಸಿದರು.

೨೦೨೪ರ ಮೇ ತಿಂಗಳಲ್ಲಿ ಜಿಸಿಸಿ ೧೪ ಬಂದಿತು. ಇದರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಘೋಷಿಸದ ಕ್ರಿಯೆಯೊಂದನ್ನು ಕರೆದರೆ ಅದು ಪೂರ್ಣಾಂಕವನ್ನು ಕೊಡುತ್ತದೆಂದು ಊಹಿಸಿಕೊಳ್ಳುವುದು ಸಿ ಭಾಷೆಯ ಬಾಲ್ಯದ ರೂಢಿ. ೧೯೯೯ರ ಶಿಷ್ಟಪಾಠವು ಈ ರೂಢಿಯನ್ನು ಭಾಷೆಯಿಂದ ತೆಗೆದುಹಾಕಿತು. ಆದರೂ ಕಂಪೈಲರುಗಳು ಎರಡು ದಶಕಗಳಿಗೂ ಹೆಚ್ಚು ಕಾಲ ಎಚ್ಚರಿಕೆಯ ಮಾತೊಂದನ್ನು ಮುದ್ರಿಸಿ ಬಿಟ್ಟುಬಿಡುತ್ತಿದ್ದುವು. ಎಚ್ಚರಿಕೆಯನ್ನು ಓದುವವರು ಯಾರು? ಇದರಲ್ಲಿ ಅಪಾಯವೊಂದು ಅಡಗಿತ್ತು. ಇಂದಿನ ಯಂತ್ರಗಳಲ್ಲಿ ಸ್ಮೃತಿಯ ವಿಳಾಸಕ್ಕೆ ೬೪ ಬಿಟ್ಟುಗಳು, ಪೂರ್ಣಾಂಕಕ್ಕೆ ಸಾಮಾನ್ಯವಾಗಿ ೩೨. ವಿಳಾಸವನ್ನು ಕೊಡುವ ಕ್ರಿಯೆಯನ್ನು ಘೋಷಿಸದೆ ಕರೆದಾಗ ಆ ವಿಳಾಸದ ಅರ್ಧಭಾಗವು ಸದ್ದಿಲ್ಲದೆ ಕತ್ತರಿಸಿಹೋಗಬಹುದು. ಒಮ್ಮೆ ನಡೆದೀತು, ಇನ್ನೊಮ್ಮೆ ಕುಸಿದೀತು. ಇಂಥ ಕಾರ್ಯಕ್ರಮವು ಒಂದು ಆಸ್ಪತ್ರೆಯಲ್ಲಿಯೋ ಒಂದು ಹಣದ ಸಂಸ್ಥೆಯಲ್ಲಿಯೋ ಇದ್ದರೆ ಏನಾದೀತೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ಹದಿನಾಲ್ಕನೆಯ ಆವೃತ್ತಿಯು ಎಚ್ಚರಿಕೆಯನ್ನು ತಪ್ಪೆಂದೇ ಸಾರಿತು. ಹೊಸ ವ್ಯಾಖ್ಯಾತನು ಕಠೋರನೆಂದು ದೂರುವವರು ಈ ಉಪಕಾರವನ್ನು ನೆನೆಯಬೇಕು.

ಆದರೆ ಕಠೋರತೆಯ ಪೆಟ್ಟು ಬೀಳಬಾರದ ಒಂದು ಕಡೆಗೂ ಬಿದ್ದಿತು. ಮೇಲೆ ಹೇಳಿದ ಕಾನ್ಫಿಗರ್ ಪರೀಕ್ಷಕನು ಒಂದು ಸೌಲಭ್ಯ ಉಂಟೋ ಇಲ್ಲವೋ ಎಂದು ತಿಳಿಯಲು ಎರಡು ಸಾಲಿನ ಪುಟ್ಟ ಕಾರ್ಯಕ್ರಮವೊಂದನ್ನು ಬರೆದು ಕಂಪೈಲರಿಗೆ ಕೊಡುತ್ತಾನೆ; ಅದು ಒಪ್ಪಿದರೆ ಉಂಟು, ನಿರಾಕರಿಸಿದರೆ ಇಲ್ಲ. ಆ ಎರಡು ಸಾಲುಗಳೂ ಹಳೆಯ ರೂಢಿಯಲ್ಲಿಯೇ ಬರೆದವು. ಈಗ ಕಂಪೈಲರು ನಿರಾಕರಿಸುವುದು ಸೌಲಭ್ಯವಿಲ್ಲವೆಂದಲ್ಲ, ಪ್ರಶ್ನೆಯ ವ್ಯಾಕರಣ ತಪ್ಪಿದೆಯೆಂದು. ಪರೀಕ್ಷಕನಿಗೆ ಈ ಭೇದ ತಿಳಿಯದು. ಇಲ್ಲವೆಂದು ಬರೆದುಕೊಂಡು ಮುಂದೆ ನಡೆಯುತ್ತಾನೆ. ಕಟ್ಟಡವು ಪೂರ್ಣವಾಗುತ್ತದೆ, ದೂರೊಂದೂ ಇಲ್ಲ; ಒಂದು ಕೋಣೆ ಮಾತ್ರ ಇಲ್ಲ. ನಿಂತುಹೋದ ಕೆಲಸಕ್ಕಿಂತ ಹೀಗೆ ನಿಲ್ಲದೆ ಕುಂದಿದ ಕೆಲಸವು ಭಯಂಕರವಾದುದು. ಫೆಡೋರಾ ಸಮುದಾಯದಲ್ಲಿ ಫ್ಲೋರಿಯನ್ ವೈಮರ್ ಮೊದಲಾದವರು ಇದನ್ನು ಮುಂಚಿತವಾಗಿ ಕಂಡು, ಹದಿನಾಲ್ಕನೆಯದು ಬರುವ ಮೊದಲೇ ಬಹುಸಂಖ್ಯೆಯ ಗ್ರಂಥಗಳನ್ನು ಪರಿಶೀಲಿಸಿ ತಿದ್ದುಪಡಿಗಳನ್ನು ಮೂಲಕರ್ತರಿಗೆ ಕಳುಹಿಸಿದರು. ಒಂಟಿಯಾಗಿ ದುಡಿಯುವವನಿಗೂ ಉಪಾಯ ಉಂಟು: ಪರೀಕ್ಷಕನು ಬಿಟ್ಟುಹೋಗುವ ದಿನಚರಿಯ ಕಡತವನ್ನು ಹಳೆಯ ಕಂಪೈಲರಿನೊಡನೆ ಒಮ್ಮೆ, ಹೊಸದರೊಡನೆ ಒಮ್ಮೆ ಪಡೆದು, ಎರಡು ಹಸ್ತಪ್ರತಿಗಳನ್ನು ಎದುರುಬದುರಿಟ್ಟು ಓದುವಂತೆ ಸಾಲು ಸಾಲಾಗಿ ಹೋಲಿಸುವುದು. ಉಂಟು ಎಂದಿದ್ದುದು ಎಲ್ಲಿ ಇಲ್ಲವಾಯಿತೋ ಅಲ್ಲಿ ಬೆರಳಿಡಬೇಕು.

ಹಳೆಯ ಕಂಪೈಲರನ್ನೇ ಜೊತೆಯಲ್ಲಿಟ್ಟುಕೊಳ್ಳುವ ಮಾರ್ಗವೂ ಹಿಂದಿನಿಂದ ಬಂದುದೇ. ೨೦೦೦ದಲ್ಲಿ ರೆಡ್ ಹ್ಯಾಟ್ ಲಿನಕ್ಸ್ ೭ರೊಡನೆ ಜಿಸಿಸಿ ೨.೯೬ ಎಂಬ ಸಂಖ್ಯೆಯ ಕಂಪೈಲರ್ ಬಂದಿತು. ಅಂಥ ಸಂಖ್ಯೆಯ ಆವೃತ್ತಿಯನ್ನು ತಾವು ಹೊರತಂದೇ ಇಲ್ಲವೆಂದು ಜಿಸಿಸಿಯ ನಿರ್ವಾಹಕ ಸಮಿತಿಯವರು ಆಗ ಪ್ರಕಟಣೆ ಹೊರಡಿಸಬೇಕಾಯಿತು. ಅದೇ ಸಂಚಿಕೆಯಲ್ಲಿ ಕರ್ನಲನ್ನು ಕಟ್ಟುವುದಕ್ಕೆಂದೇ ಕೆಜಿಸಿಸಿ ಎಂಬ ಹೆಸರಿನಲ್ಲಿ ಹಳೆಯ ಕಂಪೈಲರೊಂದನ್ನು ಪ್ರತ್ಯೇಕವಾಗಿ ಇಟ್ಟಿದ್ದರು. ಒಂದೇ ಮನೆಯಲ್ಲಿ ಇಬ್ಬರು ಅಡುಗೆಯವರು! ಇಂದು ಹಳೆಯ ವ್ಯವಸ್ಥೆಯನ್ನೇ ಇಡಿಯಾಗಿ ಒಂದು ಸಂಪುಟದೊಳಗೆ ಬಂಧಿಸಿ, ಹೊಸ ಯಂತ್ರದೊಳಗೆ ನಡೆಸುವ ಅನುಕೂಲವಿದೆ. ಪೈಥಾನ್ ಭಾಷೆಯವರು ೨೦೧೬ರಿಂದ ಅನುಸರಿಸಿದ ಮೆನಿಲಿನಕ್ಸ್ ಎಂಬ ಕ್ರಮವು ಇದಕ್ಕೆ ಒಳ್ಳೆಯ ಉದಾಹರಣೆ. ಹೊಸ ಗ್ಲಿಬ್‌ಸಿಯೊಡನೆ ಕಟ್ಟಿದುದು ಹಳೆಯ ಗ್ಲಿಬ್‌ಸಿಯ ಯಂತ್ರದಲ್ಲಿ ನಡೆಯದೆ ಹೋಗಬಹುದು. ಹಳೆಯದರೊಡನೆ ಕಟ್ಟಿದುದು ಸಾಮಾನ್ಯವಾಗಿ ಹೊಸದರಲ್ಲಿ ನಡೆಯುತ್ತದೆ. ಅದಕ್ಕಾಗಿ ಅವರು ಮೊದಲಿಗೆ ಸೆಂಟ್‌ಓಎಸ್ ೫ ಎಂಬ ಹಳೆಯ ವ್ಯವಸ್ಥೆಯನ್ನೇ ನೆಲಗಟ್ಟಾಗಿ ಹಿಡಿದು, ಅದರೊಳಗೆ ಅದಕ್ಕಿಂತ ಹೊಸದಾದ ಕಂಪೈಲರನ್ನು ಇರಿಸಿಕೊಂಡು ಕಟ್ಟಿದರು. ನೆಲ ಹಳೆಯದು, ಒಲೆ ಹೊಸದು.

ಸಂಪುಟವು ದೊರೆಯದೆ ಹಳೆಯ ಕಂಪೈಲರನ್ನು ತಾನೇ ಕಟ್ಟಿಕೊಳ್ಳಬೇಕಾದವನ ಪಾಡು ಬೇರೆ. ಕಂಪೈಲರೂ ಒಂದು ಗ್ರಂಥವೇ ಅಲ್ಲವೆ? ಅದನ್ನು ತಿರುಗಿಸಲು ಇನ್ನೊಂದು ಕಂಪೈಲರ್ ಬೇಕು. ಜಿಸಿಸಿ ೪ರ ಕಾಲದ ಪಾಠವನ್ನು ೨೦೧೭ರ ತರುವಾಯದ ವ್ಯವಸ್ಥೆಯಲ್ಲಿ ಕಟ್ಟಹೊರಟರೆ, ಯೂಕಾಂಟೆಕ್ಸ್ಟ್ ಎಂಬ ರಚನೆಯ ಹೆಸರನ್ನು ಗ್ಲಿಬ್‌ಸಿ ೨.೨೬ ಬದಲಾಯಿಸಿದುದರಿಂದ ಕೆಲಸ ನಡುವೆ ನಿಲ್ಲುತ್ತದೆ. ಅದನ್ನು ತಿದ್ದಿ ಮುಂದುವರಿದರೆ ಇನ್ನೊಂದು ವಿನೋದ ಕಾದಿರುತ್ತದೆ. ಟೆಕ್ಸ್‌ಇನ್ಫೋ ಎಂಬ ಕೈಪಿಡಿ ಸಿದ್ಧಪಡಿಸುವ ಸಾಧನವು ೨೦೧೩ರ ಐದನೆಯ ಆವೃತ್ತಿಯಿಂದ ಬಿಗಿಯಾದುದರಿಂದ, ಹಳೆಯ ಜಿಸಿಸಿಯ ಕೈಪಿಡಿಯಲ್ಲಿರುವ ವಿನ್ಯಾಸದ ಚಿಕ್ಕ ತಪ್ಪುಗಳಿಗಾಗಿ ಇಡೀ ಕಂಪೈಲರಿನ ನಿರ್ಮಾಣವೇ ಸ್ಥಗಿತವಾಗುತ್ತದೆ. ಟಿಪ್ಪಣಿಯ ಕಾಗುಣಿತ ತಪ್ಪಿತೆಂದು ಕಾವ್ಯವನ್ನೇ ಅಚ್ಚಿನ ಮನೆಯವರು ಹಿಂದಿರುಗಿಸಿದ ಹಾಗೆ! ಕೈಪಿಡಿಯ ಸಾಧನವೇ ಇಲ್ಲವೆಂದು ಸುಳ್ಳು ಹೇಳಿ ದಾಟುವುದು ಇಲ್ಲಿ ರೂಢಿಯಲ್ಲಿರುವ ಉಪಾಯ. ಮೇಲಕ್ಕೆ ಏರುವವನಿಗೂ ಮೆಟ್ಟಿಲುಗಳು ಗೊತ್ತಿರಬೇಕು. ೨೦೧೩ರ ಜಿಸಿಸಿ ೪.೮ರಿಂದ ಈಚೆಗೆ ಆ ಕಂಪೈಲರನ್ನು ಕಟ್ಟಲು ಸಿ ಪ್ಲಸ್‌ಪ್ಲಸ್ ಭಾಷೆಯ ಕಂಪೈಲರ್ ಬೇಕು. ಬರಿಯ ಸಿ ಮಾತ್ರ ಇರುವ ಹಳೆಯ ಯಂತ್ರದಲ್ಲಿ ಮೊದಲು ೪.೭ನ್ನು ಕಟ್ಟಿ, ಅದರ ಹೆಗಲೇರಿ ೪.೮ಕ್ಕೆ, ಅಲ್ಲಿಂದ ಮೇಲಕ್ಕೆ ಹೋಗಬೇಕು. ಮೆಟ್ಟಿಲು ಹಾರಿದವನು ಬೀಳುತ್ತಾನೆ.

ಇಷ್ಟೆಲ್ಲ ನಿಂತುಹೋಗುವ ತೊಡಕುಗಳು. ನಿಲ್ಲದೆ, ದೂರಿಲ್ಲದೆ, ಅರ್ಥವೇ ಬದಲಾಗುವ ತೊಡಕು ಉಳಿದಿದೆ. ಸ್ಪೆಕ್ ಸಿಪಿಯು ೨೦೦೬ ಎಂಬುದು ಯಂತ್ರಗಳ ವೇಗವನ್ನು ಅಳೆಯಲು ಲೋಕವು ನೆಚ್ಚಿದ್ದ ಕಾರ್ಯಕ್ರಮಗಳ ಸಂಕಲನ. ಅದರೊಳಗಿನ ಚಲಚ್ಚಿತ್ರ ಸಂಕ್ಷೇಪಿಸುವ ಕಾರ್ಯಕ್ರಮದಲ್ಲಿ ಹದಿನಾರು ಮನೆಗಳ ಒಂದು ಪಂಕ್ತಿ, ಸೊನ್ನೆಯಿಂದ ಹದಿನೈದರವರೆಗೆ. ಮನೆಗಳನ್ನು ಒಂದೊಂದಾಗಿ ಓದುತ್ತ ಹೋಗುವ ಆವರ್ತನವು, ಲೆಕ್ಕ ಮುಗಿಯಿತೇ ಎಂದು ಕೇಳುವ ಮೊದಲೇ ಮುಂದಿನ ಮನೆಗೆ ಕಣ್ಣು ಹಾಕುತ್ತಿತ್ತು. ಕಡೆಯ ಸುತ್ತಿನಲ್ಲಿ ಇಲ್ಲದ ಹದಿನೇಳನೆಯ ಮನೆಯನ್ನು ಒಮ್ಮೆ ಇಣುಕಿ ನೋಡಿ, ಅನಂತರ ನಿಲ್ಲುತ್ತಿತ್ತು. ಹಳೆಯ ಕಂಪೈಲರುಗಳಲ್ಲಿ ಇದರಿಂದ ತೊಂದರೆ ಕಾಣಿಸಿರಲಿಲ್ಲ. ಜಿಸಿಸಿ ೪.೮ ಹೀಗೆ ತರ್ಕಿಸಿತು: ಸಾಧುವಾದ ಪಾಠದಲ್ಲಿ ಇಲ್ಲದ ಮನೆಯನ್ನು ಓದುವುದು ಎಂದಿಗೂ ಸಂಭವಿಸದು, ಇಲ್ಲಿ ಓದುತ್ತಿರುವುದರಿಂದ ಲೆಕ್ಕವು ಸದಾ ಹದಿನಾರಕ್ಕಿಂತ ಕಡಿಮೆಯೇ ಇರಬೇಕು, ಹಾಗಿದ್ದರೆ ಮುಗಿಯಿತೇ ಎಂದು ಕೇಳುವುದೇ ವ್ಯರ್ಥ. ಪ್ರಶ್ನೆಯನ್ನು ತೆಗೆದುಹಾಕಿತು. ಆವರ್ತನವು ಮುಗಿಯುವುದನ್ನೇ ಮರೆತು ಸುತ್ತತೊಡಗಿತು. ತರ್ಕದಲ್ಲಿ ಲೋಪವಿಲ್ಲ, ಲೋಪವೆಲ್ಲ ಮೂಲದಲ್ಲಿ. ಜಿಸಿಸಿಯವರು ಇದನ್ನು ತಮ್ಮ ಪ್ರಕಟಣೆಯಲ್ಲಿಯೇ ತಿಳಿಸಿ, ಆ ತರ್ಕವನ್ನು ತಡೆಯುವ ಸೂಚನೆಯೊಂದನ್ನೂ ಒದಗಿಸಿದರು. ಇದಕ್ಕೆ ಮೊದಲೇ, ೨೦೦೯ರಲ್ಲಿ, ಲಿನಕ್ಸ್ ಕರ್ನಲಿನ ಟನ್ ಎಂಬ ಭಾಗದಲ್ಲಿ ಇದೇ ಜಾತಿಯ ತರ್ಕದಿಂದ ಒಂದು ರಕ್ಷಣೆಯ ಪರೀಕ್ಷೆಯು ಮಾಯವಾಗಿತ್ತು. ವಿಳಾಸವು ಶೂನ್ಯವೋ ಎಂದು ಕೇಳುವ ಮೊದಲೇ ಆ ವಿಳಾಸವನ್ನು ಬಳಸಿದ್ದುದರಿಂದ, ಅದು ಶೂನ್ಯವಾಗಿರಲಾರದೆಂದು ಕಂಪೈಲರ್ ತೀರ್ಮಾನಿಸಿ ಪರೀಕ್ಷೆಯನ್ನು ಅಳಿಸಿತು. ಆ ಕಿಂಡಿಯಿಂದ ಯಂತ್ರದ ಮೇಲಿನ ಅಧಿಕಾರವನ್ನೇ ಕಸಿದುಕೊಳ್ಳಬಹುದಾಗಿತ್ತು.

ಇಂಥ ಸಂದರ್ಭದಲ್ಲಿ ಕಟ್ಟುವವನು ಹಿಡಿಯಬಹುದಾದ ದಾರಿಗಳು ಕೆಲವೇ. ಹೊಸ ವ್ಯಾಖ್ಯಾತನಿಗೆ ಹಳೆಯ ಕಣ್ಣು ಕೊಡುವುದು, ಹಳೆಯ ವ್ಯಾಖ್ಯಾತನನ್ನೇ ಕರೆತರುವುದು, ಇಲ್ಲವೆ ಪಾಠವನ್ನು ತಿದ್ದುವುದು. ಮೊದಲನೆಯದು ಅಗ್ಗ. ೨೦೨೫ರ ಮಾರ್ಚಿಯಲ್ಲಿ ಬಂದ ಸಿಮೇಕ್ ೪ ತನ್ನ ೩.೫ಕ್ಕಿಂತ ಹಿಂದಿನ ನಡವಳಿಯನ್ನು ಕೋರುವ ಕಡತಗಳನ್ನು ನಿರಾಕರಿಸಿದಾಗ, ಕನಿಷ್ಠ ಮಟ್ಟ ೩.೫ ಎಂದು ಭಾವಿಸಿಕೊಳ್ಳೆಂಬ ಒಂದೇ ಸೂಚನೆಯಿಂದ ಎಷ್ಟೋ ಮಂದಿ ದಾಟಿದರು. ಆದರೆ ಆ ಸೂಚನೆಯನ್ನು ಕೊಟ್ಟವನು ಅದನ್ನು ಬರೆದಿಡದೆ ಹೋದರೆ, ಮುಂದಿನವನು ಅದೇ ಕತ್ತಲಲ್ಲಿ ಅದೇ ಕಂಬಕ್ಕೆ ಹಾಯುತ್ತಾನೆ. ಹಳೆಯ ವ್ಯಾಖ್ಯಾತನು ನೆಚ್ಚಿಕೆಯವನು. ಆದರೆ ಅವನ ಕಾಲದ ಲೈಬ್ರರಿಗಳಿಗೆ ಭದ್ರತೆಯ ತಿದ್ದುಪಡಿಗಳು ಬರುವುದು ನಿಂತಿರುತ್ತದೆ. ಒಂದು ಗಣಿತದ ಫಲವನ್ನು ಮತ್ತೆ ಪಡೆದು ನೋಡುವುದಕ್ಕೆ ಅವನೇ ಯೋಗ್ಯ, ಊರಿಗೆಲ್ಲ ಬಾಗಿಲು ತೆರೆದಿಟ್ಟ ಕಾರ್ಯಕ್ರಮಕ್ಕೆ ಅಲ್ಲ. ಪಾಠವನ್ನು ತಿದ್ದುವುದೇ ಉತ್ತಮ ಪಕ್ಷ. ಆದರೆ ಗ್ರಂಥಸಂಪಾದಕನ ಸಂಯಮ ಬೇಕು. ತೊಡಕಿನ ಸಾಲನ್ನಷ್ಟೇ ಮುಟ್ಟಬೇಕು, ಏಕೆ ಮುಟ್ಟಿದೆನೆಂದು ಅಡಿಯಲ್ಲಿ ಬರೆಯಬೇಕು, ಕರ್ತೃವು ಬದುಕಿದ್ದರೆ ಅವನಿಗೆ ತಿಳಿಸಬೇಕು. ಸೊಗಸಾಗಲಿ ಎಂದು ಸುತ್ತಲಿನ ಹತ್ತು ಸಾಲುಗಳನ್ನೂ ತಿದ್ದುವವನು, ಅರ್ಥವಾಗದ ಪದವನ್ನು ಅರ್ಥವಾಗುವ ಪದಕ್ಕೆ ಬದಲಿಸಿದ ಲಿಪಿಕಾರನಂತೆ, ಮುಂದಿನವರಿಗೆ ಹೊಸ ಪಾಠಾಂತರವೊಂದನ್ನು ಕಟ್ಟಿಕೊಡುತ್ತಾನೆ.

ವಿಜ್ಞಾನದಲ್ಲಿ ಇದರ ಬೆಲೆ ಎಷ್ಟೆಂಬುದನ್ನು ತಿಳಿಯಲು ೨೦೨೦ರಲ್ಲಿ ರಿಸೈನ್ಸ್ ಎಂಬ ಪತ್ರಿಕೆಯವರು ಒಂದು ಸವಾಲನ್ನು ನಡೆಸಿದರು. ಹತ್ತು ವರ್ಷಕ್ಕಿಂತ ಹಿಂದೆ ತಾವೇ ಪ್ರಕಟಿಸಿದ ಫಲಿತಾಂಶವನ್ನು, ತಾವೇ ಬರೆದ ಕಾರ್ಯಕ್ರಮದಿಂದ ಮತ್ತೊಮ್ಮೆ ಪಡೆದು ತೋರಿಸಿರೆಂದು ಸಂಶೋಧಕರನ್ನು ಆಹ್ವಾನಿಸಿದರು. ಸವಾಲಿನ ಪ್ರವರ್ತಕರಲ್ಲಿ ಒಬ್ಬರಾದ ನಿಕೊಲಾಸ್ ರೂಜಿಯೆ ೧೯೮೮ರಲ್ಲಿ ಆ್ಯಪಲ್ ೨ ಎಂಬ ಗಣಕಕ್ಕಾಗಿ ಬರೆದಿದ್ದ ತಮ್ಮ ಕಾರ್ಯಕ್ರಮವನ್ನು ಹುಡುಕಿಕೊಂಡು ಹೊರಟರು. ಅದರ ಪಾಠವು ಆಗಿನ ಫ್ರೆಂಚ್ ನಿಯತಕಾಲಿಕವೊಂದರಲ್ಲಿ ಅಚ್ಚಾಗಿದ್ದುದರಿಂದ ಉಳಿದಿತ್ತು. ಮೂವತ್ತೆರಡು ವರ್ಷಗಳ ಮೇಲೆ ಅದನ್ನು ಕಾಗದದಿಂದ ಮತ್ತೆ ಯಂತ್ರಕ್ಕೆ ಇಳಿಸಿದರು, ಅದು ನಡೆಯಿತು.